ಕೂರಲು ವ್ಯವಸ್ಥೆ ಇಲ್ಲ

ಬಟ್ಟೆಯಮ್ಮ ಒದ್ದೆ ಹಾಸುಬಟ್ಟೆಯ ಒಂದು ತುದಿಯನ್ನು ನಲ್ಲಿಯ ಕುತ್ತಿಗೆಗೆ ಸುತ್ತಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚುತ್ತಿದ್ದಳು. ಜೊತೆಗೆ ಇನ್ನೊಬ್ಬರಿಲ್ಲದೆ ದೊಡ್ಡ ಬಟ್ಟೆ ಹಿಂಡುವವರು ಹೀಗೆಯೇ ಹಿಂಡಬೇಕು. ನೀರು ಮೊದಲು ಕೆಂಪಗೆ ಇಳಿಯಿತು. ಆಮೇಲೆ ತಿಳಿಗೆಂಪು. ಆಮೇಲೆ ಬರೀ ನೀರು. ಬಣ್ಣ ನೋಡಿಯೇ ಅವಳು ಕೈ ಬಿಡಬೇಕಿತ್ತು. ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಬ್ಲೀಚಿಂಗ್ ಪುಡಿಯೂ ಸೋಡಾವೂ ಸೇರಿ ಅವಳ ಬೆರಳುಗಳ ಅರಿವನ್ನು ತಿಂದುಹಾಕಿ ಎಷ್ಟೋ ಕಾಲವಾಗಿತ್ತು. ಬಿಸಿ ಪಾತ್ರೆ ಹಿಡಿದರೆ ಸುಟ್ಟ ವಾಸನೆ ಬಂದ ಮೇಲೆ ಬಿಡುತ್ತಿದ್ದಳು. ಸೂಜಿ ಚುಚ್ಚಿದರೆ ರಕ್ತ ಕಂಡ ಮೇಲೆ ಕೈ ಎಳೆದುಕೊಳ್ಳುತ್ತಿದ್ದಳು. ಹಾಸುಬಟ್ಟೆಗಳ ಮಡಿಕೆಯಲ್ಲಿ ಸೂಜಿಗಳಿರುತ್ತಿದ್ದವು. ತೊಟ್ಟಿಗೆ ಎಸೆಯುವ ಮುಂಚೆ ಯಾರೂ ಕೊಡವಿ ನೋಡುತ್ತಿರಲಿಲ್ಲ.

ನರ್ಸಿಂಗ್ ಹೋಮಿನ ಹಿತ್ತಲು ಅದು. ಒಂದು ತೊಟ್ಟಿ, ಒಂದು ಒಗೆಯುವ ಕಲ್ಲು, ಮೇಲೆ ತಗಡು. ಮದುವೆಯಾದ ಹೊಸದರಲ್ಲಿ ಇಲ್ಲಿ ಬಟ್ಟೆ ಒಗೆಯಲು ಬಂದವಳು ಈಗ ಮುದುಕಿ. ಅವಳಿಗೆ ಒಂದು ಹೆಸರಿತ್ತು. ಅದನ್ನು ಕೇಳಿದವರು ಇಲ್ಲಿ ಯಾರೂ ಇರಲಿಲ್ಲ. ಬಟ್ಟೆ ಒಗೆಯುವವಳು, ಬಟ್ಟೆಯಮ್ಮ. ಅಷ್ಟೇ.

ಕಾಂಪೌಂಡರ್ ಹಿಂಬಾಗಿಲಲ್ಲಿ ನಿಂತು ಪ್ಯಾಂಟನ್ನು ಮೊಣಕಾಲಿನ ತನಕ ಎತ್ತಿ ಹಿಡಿದುಕೊಂಡ. ಹಿತ್ತಲಿಗೆ ಬಂದರೆ ಅವನು ಯಾವಾಗಲೂ ಹಾಗೆಯೇ.

"ಬಟ್ಟೆಯಮ್ಮಾ, ನಾಳೆ ಒಳ್ಳೆ ಬಟ್ಟೆ ಹಾಕ್ಕೊಂಡು ಬಾ."

"ಯಾಕಪ್ಪಾ, ನಂಗೇನು ಮದುವೆ ಗೊತ್ತಾಯ್ತಾ?"

"ತಪಾಸಣೆ ಇದೆ. ಯೋಜನೆಯೋರು ಬರ್ತಾರೆ. ಡಾಕ್ಟ್ರ ಹೆಸರು ಮತ್ತೆ ಪಟ್ಟೀಲಿ ಮುಂದುವರೀಬೇಕಲ್ಲ. ನೀನು ಹಾಲ್‌ನಲ್ಲಿ ಕೂರಬೇಕು."

"ಎಲ್ಲಿ?"

"ಹಾಲ್‌ನಲ್ಲಿ ಅಂದೆನಲ್ಲ. ಮುಂದಿನ ಸಾಲು, ಕುರ್ಚಿ ಮೇಲೆ. ರೋಗಿ ಥರ. ನಿಮ್ಮ ಬೀದಿಯೋರು ಇನ್ನೂ ಕೆಲವರಿಗೆ ಹೇಳಿದೀನಿ."

ಬಟ್ಟೆಯಮ್ಮ ಬಟ್ಟೆಯನ್ನು ಇನ್ನೊಂದು ಸುತ್ತು ತಿರುಚಿದಳು. ಆ ಹಾಲ್‌ನ ನೆಲ ಅವಳಿಗೆ ಗೊತ್ತಿತ್ತು. ಒರೆಸುವವಳು ಬಾರದ ದಿನ ಅವಳೇ ಒರೆಸುತ್ತಿದ್ದಳು. ಕುರ್ಚಿಗಳ ಕಾಲು ಗೊತ್ತಿತ್ತು. ಕುರ್ಚಿಯ ಮೇಲೆ ಕೂತರೆ ಹೇಗಿರುತ್ತದೆ ಎಂಬುದು ಗೊತ್ತಿರಲಿಲ್ಲ.

"ಆಯ್ತು" ಎಂದಳು.

ಅವಳು ಈಗೀಗ ಎಲ್ಲದಕ್ಕೂ ಆಯ್ತು ಎನ್ನುತ್ತಿದ್ದಳು. ಮನೆಯ ಯಜಮಾನ ತೀರಿಹೋದ ಮೇಲೆ ಅವಳಿಗೆ ಬೇಡ ಎನ್ನುವುದಕ್ಕೂ ಬೇಕು ಎನ್ನುವುದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಕೈಯ ಮರಗಟ್ಟುವಿಕೆ ಮೇಲಕ್ಕೆ ಹತ್ತಿ ಎಲ್ಲ ಕಡೆ ಹರಡಿಕೊಂಡ ಹಾಗಿತ್ತು.

ಬಡವರ ಮನೆಗೊಂದು ಕಾರ್ಡು ಎಂದು ಸರ್ಕಾರ ಯೋಜನೆ ತಂದಾಗ ಎಲ್ಲರೂ ಖುಷಿಪಟ್ಟಿದ್ದರು. ಆ ಕಾರ್ಡಿನ ಮೇಲೆ ಒಬ್ಬ ಡಾಕ್ಟರ ಹೆಸರಿರುತ್ತದೆ. ಅವರು ಆ ಮನೆಯ ಮೊದಲ ಡಾಕ್ಟರು. ಜ್ವರ ಬರಲಿ, ಹೆರಿಗೆ ಬರಲಿ, ಉಸಿರು ಕಟ್ಟಲಿ, ಮೊದಲು ಅವರ ಹತ್ತಿರವೇ ಹೋಗಬೇಕು. ಅವರು ಚೀಟಿ ಬರೆದರೆ ದೊಡ್ಡಾಸ್ಪತ್ರೆಯ ಬಾಗಿಲು ತೆರೆಯುತ್ತದೆ. ಬರೆಯದಿದ್ದರೆ ಇಲ್ಲ. ಪಟ್ಟಿಯಲ್ಲಿ ಎಷ್ಟು ತಲೆ ಇದೆಯೋ ಅಷ್ಟು ತಲೆಗೆ ಸರ್ಕಾರ ವರ್ಷವರ್ಷ ದುಡ್ಡು ಕೊಡುತ್ತದೆ. ಡಾಕ್ಟರು ಆ ತಲೆ ನೋಡಿದರೂ ಕೊಡುತ್ತದೆ, ನೋಡದಿದ್ದರೂ ಕೊಡುತ್ತದೆ.

ಊರಿನ ಕಸ ಸುರಿಯುವ ಅಂಗಳದ ಹಿಂದಿನ ಬಟ್ಟೆಯಮ್ಮನ ಬೀದಿಯಲ್ಲಿ ಇರುವವರು ಚರಂಡಿ ಇಳಿಯುವವರು, ಕಸದ ಲಾರಿ ತುಂಬುವವರು. ಯೋಜನೆ ಬಂದ ಹೊಸದರಲ್ಲಿ ನರ್ಸಿಂಗ್ ಹೋಮಿನ ದೊಡ್ಡ ಡಾಕ್ಟರು ಕಾಂಪೌಂಡರನನ್ನು ಆ ಬೀದಿಗೆ ಕಳಿಸಿದರು. ಅವನು ಒಂದೇ ಬೆಳಿಗ್ಗೆ ಎಲ್ಲ ಮನೆಯ ಕಾರ್ಡಿನ ಮೇಲೂ ದೊಡ್ಡ ಡಾಕ್ಟರ ಹೆಸರು ಬರೆಸಿಕೊಂಡು ಹೋದ. ಮನೆಗೊಂದು ಮೈ ಸೋಪು ಕೊಟ್ಟ.

"ನೋಡೇ, ವ್ಯಾಪಾರ ಚೆನ್ನಾಗಿದೆ" ಎಂದಿದ್ದ ಯಜಮಾನ, ಸೋಪು ಮೂಸಿ ನೋಡುತ್ತಾ. "ತಲೆ ಅವನಿಗೆ, ಸೋಪು ನಮಗೆ."

ಆಮೇಲೆ ಕಿಟಕಿ ಶುರುವಾಯಿತು.

ನರ್ಸಿಂಗ್ ಹೋಮಿನ ಪಕ್ಕದ ಸಂದಿಯಲ್ಲಿ, ಕಸದ ಡಬ್ಬಿಗಳ ಮೇಲೆ, ಔಷಧಿ ಕೋಣೆಯ ಕಿಟಕಿ ಇದೆ. ಕಬ್ಬಿಣದ ಸರಳು. ಆ ಬೀದಿಯವರು ಅಲ್ಲಿ ನಿಲ್ಲಬೇಕು. ಹಾಲ್‌ನಲ್ಲಿ ಬೇರೆ ರೋಗಿಗಳು ಇರುತ್ತಾರೆ, ವಾಸನೆ ಅನ್ನುತ್ತಾರೆ, ಅದಕ್ಕೆ. ಕಾಂಪೌಂಡರ್ ಒಳಗಿನಿಂದ ಕೇಳುತ್ತಾನೆ. ಇವರು ಹೊರಗಿನಿಂದ ಹೇಳುತ್ತಾರೆ. ಪುರುಸೊತ್ತು ಇದ್ದರೆ ದೊಡ್ಡ ಡಾಕ್ಟರು ಅತ್ತ ಹಾಯುವಾಗ ಒಂದು ಸಲ ಕಣ್ಣು ಹಾಯಿಸುತ್ತಾರೆ. ನಾಲಿಗೆ ತೋರಿಸು. ಕಣ್ಣು ಅಗಲಿಸು. ಸರಿ. ನಾಡಿ ಹಿಡಿಯಲಿಲ್ಲ, ಎದೆಗೆ ಕೊಳವೆ ಇಡಲಿಲ್ಲ, ಹೊಟ್ಟೆ ಒತ್ತಿ ನೋಡಲಿಲ್ಲ. ಒಂದು ಸಲವೂ, ಒಬ್ಬರನ್ನೂ.

ಯಜಮಾನ ಚರಂಡಿ ಇಳಿದು ಇಳಿದು ಎದೆ ಕೆಡಿಸಿಕೊಂಡವನು. ಕಿಟಕಿಯ ಹೊರಗೆ ನಿಂತು ಅವನು ಕೆಮ್ಮಿ ತೋರಿಸಬೇಕಿತ್ತು.

"ಜೋರಾಗಿ ಕೆಮ್ಮು. ಕೇಳಿಸ್ತಿಲ್ಲ" ಎನ್ನುತ್ತಿದ್ದ ಕಾಂಪೌಂಡರ್.

"ರಾಗವಾಗಿ ಬೇಕಾ, ಹಾಗೇ ಬೇಕಾ?" ಎನ್ನುತ್ತಿದ್ದ ಯಜಮಾನ.

ನಿಂತವರೆಲ್ಲ ನಗುತ್ತಿದ್ದರು. ಕಾಂಪೌಂಡರನೂ ನಗುತ್ತಿದ್ದ. ನಕ್ಕು ಅದೇ ಮಾತ್ರೆ ಕೊಡುತ್ತಿದ್ದ.

ಆ ಬೀದಿಯಿಂದಲೇ ಒಬ್ಬಳು ಡಾಕ್ಟರಾದಳು. ಬಟ್ಟೆಯಮ್ಮನ ಮಗಳು. ಒಬ್ಬಳೇ ಮಗಳು. ಅವಳು ಹೇಗೆ ಓದಿದಳು ಎಂದು ಹೇಳಹೊರಟರೆ ಅದೇ ಒಂದು ಕಥೆ. ಅದು ಇಲ್ಲಿ ಬೇಡ. ಅವಳ ಪುಸ್ತಕಗಳಿಗೂ ಬ್ಲೀಚಿಂಗ್ ವಾಸನೆ ಇರುತ್ತಿತ್ತು ಎಂದಷ್ಟೇ ಸಾಕು. ಓದು ಮುಗಿಸಿ ಬಂದವಳು ಬೇರೆಲ್ಲೂ ಹೋಗಲಿಲ್ಲ. ಬೀದಿಯ ಬಾಯಲ್ಲಿ ಮುಚ್ಚಿಹೋಗಿದ್ದ ಸೈಕಲ್ ರಿಪೇರಿ ಅಂಗಡಿ ಬಾಡಿಗೆಗೆ ಹಿಡಿದಳು. ಗೋಡೆಯ ಗ್ರೀಸು ಉಜ್ಜಿ ತೆಗೆದು ಸುಣ್ಣ ಹೊಡೆದರು. ಅಪ್ಪನೇ ಹೋಗಿ ಉದ್ದನೆಯ ಬೆಂಚೊಂದನ್ನು ಮಾಡಿಸಿಕೊಂಡು ಬಂದ.

"ಡಾಕ್ಟ್ರೇ, ನಿಮ್ಮ ರೋಗಿಗಳಿಗೆ ಸಿಂಹಾಸನ" ಎಂದ ಮಗಳಿಗೆ.

ಮೊದಲ ದಿನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಜನ ಬಂದಿದ್ದರು. ಬಾಗಿಲು ಹಾರು ಹೊಡೆದಿತ್ತು. ಅವರು ಬಾಗಿಲು ಬಿಟ್ಟು ಪಕ್ಕದ ಕಿಟಕಿಯ ಹೊರಗೆ ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ಪಕ್ಕದ ಮನೆಯ ಮುದುಕಿ. ಗಂಟಲು ದೊಡ್ಡದೆಂದು ಬೀದಿಯವರು ಅವಳಿಗೆ ಇಟ್ಟ ಹೆಸರು ಸೈರನ್. ಮಗಳು ತಲೆಯೆತ್ತಿ ನೋಡುವಷ್ಟರಲ್ಲಿ ಸೈರನ್ ಸರಳಿಗೆ ಮುಖ ಒತ್ತಿ ನಾಲಿಗೆ ಚಾಚಿಬಿಟ್ಟಿದ್ದಳು.

"ಒಳಗೆ ಬನ್ನಿ ಅತ್ತೇ. ಬಾಗಿಲು ಅಲ್ಲಿದೆ."

"ಇಲ್ಲೇ ಚೆನ್ನಾಗಿದೆ ಕಣಮ್ಮಾ. ಗಾಳಿ ಬರುತ್ತೆ."

ಮಗಳು ಎದ್ದು ಹೊರಗೆ ಹೋಗಿ ಸೈರನ್ನಿನ ಕೈ ಹಿಡಿದು ಒಳಗೆ ತಂದು ಮೇಜಿನ ಮೇಲೆ ಮಲಗಿಸಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದಳು. ಸೈರನ್ ಬೆಚ್ಚಿ ಎದ್ದು ಕೂತಳು. ಆ ದಿನ ಬೀದಿಯ ತುಂಬ ಅದೇ ಸುದ್ದಿ. "ಮುಟ್ಟಿಬಿಟ್ಟಳು ಕಣೇ. ಹೀಗೆ, ಅಂಗೈ ಇಟ್ಟು. ತಣ್ಣಗಿತ್ತು ಕೈ." ಸೈರನ್ ಅದನ್ನು ಹೇಳುವಾಗ ಅವಳ ಗಂಟಲು ಸಣ್ಣಗಾಗಿತ್ತು.

ಮಗಳು ಕಿಟಕಿಗೆ ಅಡ್ಡವಾಗಿ ಬೀರು ಇಡಿಸಿದಳು. ಜನ ಬಾಗಿಲಿನ ಹೊರಗೆ ನಿಂತರು. ಅಷ್ಟೇ ಬದಲಾದದ್ದು. ಕರೆದಾಗ ಒಳಗೆ ಬರುತ್ತಿದ್ದರು. ಅಲ್ಲಿಯ ತನಕ ನಿಂತಿರುತ್ತಿದ್ದರು. ಬೆಂಚು ಖಾಲಿ.

ಮಗಳು ಅಪ್ಪನ ಎದೆ ಕೇಳಿದಳು. ಮುಂದಿನಿಂದ ಕೇಳಿದಳು, ಹಿಂದಿನಿಂದ ಕೇಳಿದಳು. ಆಮೇಲೆ ಒಲೆಯ ಹತ್ತಿರ ಬಂದು ಅಮ್ಮನಿಗೆ ಮೆಲ್ಲಗೆ ಹೇಳಿದಳು.

"ಅವರು ಕೊಡ್ತಿರೋ ಮಾತ್ರೆ ಈ ಕಾಯಿಲೆಗಲ್ಲಮ್ಮಾ. ಬೇರೆ ಪರೀಕ್ಷೆ ಆಗ್ಬೇಕು, ದೊಡ್ಡಾಸ್ಪತ್ರೇಲಿ. ಆಕ್ಸಿಜನ್ ಸಿಲಿಂಡರೂ ಬೇಕು."

"ಬರ್ಕೊಡು ಮತ್ತೆ."

"ನಾನು ಬರೆದ್ರೆ ನಡೆಯಲ್ಲ. ನನ್ನ ಹೆಸರು ಪಟ್ಟೀಲಿಲ್ಲ."

ಬಟ್ಟೆಯಮ್ಮ ಕಿಟಕಿಯ ಹೊರಗೆ ನಿಂತು ಕೈ ಮುಗಿದು, ಕಾಂಪೌಂಡರನಿಗೆ ದಮ್ಮಯ್ಯ ಹಾಕಿ, ದೊಡ್ಡ ಡಾಕ್ಟರಿಂದ ಸಿಲಿಂಡರಿಗೆ ಮಾತ್ರ ಚೀಟಿ ಬರೆಸಿದಳು. ಪರೀಕ್ಷೆಗೆ ಬರೆಯಲಿಲ್ಲ. ಸಿಲಿಂಡರ್ ಮುಗಿದಾಗಲೆಲ್ಲ ಮತ್ತೆ ಹೋಗಿ ನಿಲ್ಲಬೇಕಿತ್ತು.

ಮಗಳು ಮೊದಲ ಡಾಕ್ಟರಾಗಿ ನೋಂದಾಯಿಸಲು ಅರ್ಜಿ ಹಾಕಿದಳು. ಡಿಗ್ರಿ ಕೊಟ್ಟಳು, ಬಾಡಿಗೆ ಪತ್ರ ಕೊಟ್ಟಳು, ಕೋಣೆಯ ಫೋಟೋ ಕೊಟ್ಟಳು. ತಪಾಸಣೆಯ ಸಾಹೇಬರು ಬಂದು ನೋಡಿ ಬರೆದರೆ ಮುಗಿಯಿತು. ಅವರು ಬರುವ ದಿನ ಇಡೀ ಬೀದಿ ಬಂದು ಸೇರಿತು. ಸ್ನಾನ ಮಾಡಿಕೊಂಡು ಬಂದಿದ್ದರು. ಡಾಕ್ಟರಮ್ಮನಿಗೆ ರೋಗಿಗಳಿಲ್ಲ ಎಂದು ಯಾರೂ ಅನ್ನಬಾರದಲ್ಲ.

ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು. ಹೊಸ್ತಿಲು ದಾಟಲಿಲ್ಲ. ಬೀದಿಯವರೆಲ್ಲ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಒಳಗೆ ನಿಂತವರು, ಹೊರಗೆ ನಿಂತವರು. ಬೆಂಚು ಮಧ್ಯದಲ್ಲಿ, ಅದರ ಮೇಲೆ ಒಂದು ನೊಣವೂ ಇರಲಿಲ್ಲ.

"ಕೂತ್ಕೊಳ್ಳಿ ಎಲ್ಲಾ. ಅತ್ತೇ, ಕೂತ್ಕೊಳ್ಳಿ. ಅಮ್ಮಾ" ಎಂದಳು ಮಗಳು. ಅವಳ ಧ್ವನಿ ಬೇಡುವ ಹಾಗಿತ್ತು.

ಯಾರೂ ಕೂರಲಿಲ್ಲ. ಸಾಹೇಬರ ಎದುರಿಗೆ ಹೇಗೆ ಕೂರುವುದು. ಬಟ್ಟೆಯಮ್ಮನಿಗೆ ಮಗಳ ಮಾತು ಕೇಳಿಸಿತು. ಮೊಣಕಾಲು ಮಡಚಲು ನೋಡಿದಳು. ಮಡಚಲಿಲ್ಲ. ಅವಳೂ ಕೈ ಕಟ್ಟಿಕೊಂಡು ನಿಂತೇ ಇದ್ದಳು.

"ಯಾಕೆ ಎಲ್ಲರೂ ನಿಂತಿದ್ದಾರೆ?" ಎಂದರು ಸಾಹೇಬರು. ನಿಂತವರನ್ನು ಕೇಳಲಿಲ್ಲ. ಡಾಕ್ಟರನ್ನು ಕೇಳಿದರು. ಅವಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬರೆದುಕೊಂಡು ಜೀಪು ಹತ್ತಿದರು.

ಉತ್ತರ ಬಂತು. ಅರ್ಜಿ ತಿರಸ್ಕರಿಸಲಾಗಿದೆ. ಕಾರಣ, ರೋಗಿಗಳಿಗೆ ಕೂರಲು ವ್ಯವಸ್ಥೆ ಇಲ್ಲ.

ಮಗಳು ಅದನ್ನು ಓದಿ ಹೋಗಿ ಆ ಬೆಂಚಿನ ಮೇಲೆ ಒಬ್ಬಳೇ ಕೂತಳು. ಪಾಲಿಷಿನ ವಾಸನೆ ಇನ್ನೂ ಹೋಗಿರಲಿಲ್ಲ.

ಮತ್ತೆ ತಪಾಸಣೆ ಮಾಡಿಸಲು ಒಂದೇ ದಾರಿ ಎಂದರು ಕಚೇರಿಯವರು. ಹಳೆಯ ಡಾಕ್ಟರ ಪಟ್ಟಿಯಲ್ಲಿರುವ ಮನೆಯವರು ತಾವಾಗಿಯೇ ಬರೆಯಬೇಕು. ನಮ್ಮನ್ನು ಅವರ ಪಟ್ಟಿಯಿಂದ ಬಿಡಿಸಿ, ಈ ಡಾಕ್ಟರ ಹೆಸರಿಗೆ ಸೇರಿಸಿ. ಒಂದೊಂದು ಮನೆಯದು ಒಂದೊಂದು ಕಾಗದ. ರಿಜಿಸ್ಟರ್ ಅಂಚೆಯಲ್ಲೇ ಬರಬೇಕು. ಕಾಗದ ತಲುಪಿದ ದಿನವೇ ಹಳೆಯ ಹೆಸರು ಹೊಡೆದುಹಾಕುತ್ತಾರೆ. ಹೊಸ ಡಾಕ್ಟರ ನೋಂದಣಿ ಆಗುವ ತನಕ ಆ ಕಾರ್ಡು ಯಾರದೂ ಅಲ್ಲ. ಅದಕ್ಕೆ ಚೀಟಿ ಬರೆಯುವವರು ಯಾರೂ ಇಲ್ಲ.

ಯಾರೂ ಕಾಗದ ಬರೆಯಲಿಲ್ಲ.

"ಮೊದಲು ತಾಯಿ ಕಳಿಸ್ಲಿ. ಆಮೇಲೆ ನಾವು" ಎಂದಳು ಸೈರನ್. ಎಲ್ಲರೂ ಅದನ್ನೇ ಹಿಡಿದುಕೊಂಡರು.

ಬಟ್ಟೆಯಮ್ಮನ ಕಾಗದ ಸಿದ್ಧವಾಗಿತ್ತು. ಮಗಳು ಬರೆದಿದ್ದಳು. ಬಟ್ಟೆಯಮ್ಮ ಅಕ್ಷರ ಜೋಡಿಸಿ ಸಹಿ ಹಾಕಿದ್ದಳು. ಯಜಮಾನ ಕೆಳಗೆ ಹೆಬ್ಬೆಟ್ಟು ಒತ್ತಿದ್ದ. ಶಾಯಿ ಹೆಚ್ಚಾಗಿ ಹೆಬ್ಬೆಟ್ಟು ದಪ್ಪಗೆ ಮೂಡಿತ್ತು. "ನೋಡಿ, ನನ್ನ ಫೋಟೋ ಎಷ್ಟು ಚೆನ್ನಾಗಿ ಬಂದಿದೆ" ಎಂದಿದ್ದ. ಲಕೋಟೆ ಅಂಟಿಸಿ ವಿಳಾಸ ಬರೆದದ್ದೂ ಆಗಿತ್ತು. ಅದನ್ನು ಗೋಡೆಯ ಕನ್ನಡಿಯ ಹಿಂದೆ ಸಿಕ್ಕಿಸಿದಳು. ಅಲ್ಲೇ ಉಳಿಯಿತು. ಸಿಲಿಂಡರಿನ ಚೀಟಿ ನಿಂತರೆ ಯಜಮಾನನ ಉಸಿರು ನಿಲ್ಲುತ್ತದೆ. ಯಾವ ಕೈಯಿಂದ ಕಳಿಸುವುದು. ಮಗಳು ಒಂದು ದಿನವೂ ಕೇಳಲಿಲ್ಲ. ಬಟ್ಟೆಯಮ್ಮ ತಲೆ ಬಾಚುವಾಗ ಲಕೋಟೆಯ ಮೂಲೆ ಕನ್ನಡಿಯ ಅಂಚಿನಿಂದ ಇಣುಕುತ್ತಿತ್ತು.

ಆಮೇಲೆ ಒಂದು ದಿನ ಸಿಲಿಂಡರ್ ಬೆಳಿಗ್ಗೆಯೇ ಖಾಲಿಯಾಯಿತು. ಬಟ್ಟೆಯಮ್ಮ ಕಿಟಕಿಗೆ ಓಡಿದಳು. ದೊಡ್ಡ ಡಾಕ್ಟರು ಯಾರದೋ ಮದುವೆಗೆ ಹೋಗಿದ್ದರು. ಅವರಿಲ್ಲದೆ ಚೀಟಿ ಇಲ್ಲ ಎಂದ ಕಾಂಪೌಂಡರ್. ಮಗಳು ಅಪ್ಪನನ್ನು ಸಾಮಾನು ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು.

"ಮೊದಲ ಡಾಕ್ಟರ ಚೀಟಿ?" ಎಂದಳು ಕೌಂಟರಿನಲ್ಲಿದ್ದವಳು.

"ನಾನೂ ಡಾಕ್ಟರೇ. ಇವರಿಗೆ ಈಗಲೇ ಆಕ್ಸಿಜನ್ ಕೊಡ್ಬೇಕು. ಆಮೇಲೆ ಚೀಟಿ ತರ್ತೀನಿ."

"ಕಂಪ್ಯೂಟರಲ್ಲಿ ನಿಮ್ಮ ಹೆಸರು ಹೊಡೆದ್ರೆ ಬರ್ತಿಲ್ಲ ಮೇಡಂ. ನಾನೇನ್ ಮಾಡ್ಲಿ?"

ಯಜಮಾನ ಕೌಂಟರಿನ ಕೆಳಗೆ ನೆಲದ ಮೇಲೆ ಗೋಡೆಗೆ ಒರಗಿದ್ದ. ಎದೆ ಸೀಟಿ ಹೊಡೆಯುತ್ತಿತ್ತು. "ಇಷ್ಟು ಸದ್ದು ಸಾಲ್ದಂತಾ?" ಎಂದ. ಅದು ಅವನ ಕೊನೆಯ ಮಾತು. ಮಗಳು ಒಬ್ಬೊಬ್ಬರ ಹತ್ತಿರ ಓಡುತ್ತಿದ್ದಾಗ, ಬಟ್ಟೆಯಮ್ಮ ಅವನ ಕೈ ಹಿಡಿದು ಕೂತಿದ್ದಾಗ, ಹೋಗಿಬಿಟ್ಟ. ಕೈ ತಣ್ಣಗಾದದ್ದು ಅವಳಿಗೆ ಗೊತ್ತಾಗಲಿಲ್ಲ. ಅವಳ ಕೈಗೆ ತಣ್ಣಗೂ ಬಿಸಿಯೂ ಒಂದೇ. ಮಗಳು ಬಂದು ನೋಡಿ ಹೇಳಿದ ಮೇಲೆ ಗೊತ್ತಾಯಿತು.

ಅಳಬಹುದಿತ್ತು. ಅಳು ಬರಲಿಲ್ಲ. ಒಂದು ದಿನ ಬಿಟ್ಟು ಕೆಲಸಕ್ಕೆ ಹೋದಳು. ತೊಟ್ಟಿಯಲ್ಲಿ ಎರಡು ದಿನದ ಬಟ್ಟೆ ಇತ್ತು.

"ಹೋದೋರು ಹೋದ್ರು. ಏನ್ ಮಾಡೋಕಾಗುತ್ತೆ" ಎಂದ ಕಾಂಪೌಂಡರ್, ಪ್ಯಾಂಟು ಎತ್ತಿ ಹಿಡಿದುಕೊಂಡು.

ಸೈರನ್ ಮನೆಗೆ ಬಂದು ಕೂತಳು. "ಇನ್ನೇನಕ್ಕಾ ಭಯ ನಿಂಗೆ? ಆ ಕಾಗದ ಕಳಿಸು. ನನ್ನ ಸೊಸೆಗೆ ತಿಂಗಳು ತುಂಬ್ತಾ ಬಂತು. ಆ ಕಿಟಕಿ ಒಳಗಿಂದ್ಲೇ ಹೊಟ್ಟೆ ನೋಡ್ತಾನೆ ಆ ಕಾಂಪೌಂಡರ್. ಆ ಕಡೆ ತಿರುಗು, ಈ ಕಡೆ ತಿರುಗು ಅಂತಾನೆ. ಕುಂಬಳಕಾಯಿ ನೋಡೋ ಹಾಗೆ."

"ಆಯ್ತು" ಎಂದಳು ಬಟ್ಟೆಯಮ್ಮ. ಕಳಿಸಲಿಲ್ಲ.

ಮಗಳು ಒಂದೇ ಸಲ ಹೇಳಿದಳು. "ಅಪ್ಪನ ಹೆಸರು ಇದೆ ಅದರಲ್ಲಿ. ಕಳಿಸೋದಾದ್ರೆ ಹೊಸದು ಬರೀಬೇಕಮ್ಮಾ."

"ಬೇಡ."

ಹೊಸದು ಬರೆದರೆ ಹೆಬ್ಬೆಟ್ಟು ಎಲ್ಲಿಂದ ಬರುತ್ತದೆ. ಹಳೆಯದು ಕಳಿಸಿದರೆ ಹೆಬ್ಬೆಟ್ಟೂ ಹೋಗುತ್ತದೆ. ಅದು ಕನ್ನಡಿಯ ಹಿಂದೆಯೇ ಇರಲಿ. ಇಷ್ಟನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೇ ಸರಿಯಾಗಿ ಗೊತ್ತಿರಲೂ ಇಲ್ಲ.

ತಪಾಸಣೆಯ ದಿನ ಬಟ್ಟೆಯಮ್ಮ ಒಗೆದ ಬಟ್ಟೆ ಹಾಕಿಕೊಂಡು ನರ್ಸಿಂಗ್ ಹೋಮಿಗೆ ಬಂದಳು. ಬೆಳಿಗ್ಗೆಯ ಹಾಸುಬಟ್ಟೆಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಕೈ ಒರೆಸಿಕೊಂಡು, ಕಾಂಪೌಂಡರ್ ಕರೆದಾಗ ಒಳಗೆ ಹೋದಳು. ಹಿಂಬಾಗಿಲಿನಿಂದ ಅಲ್ಲ. ಸುತ್ತಿ ಬಂದು ಮುಂಬಾಗಿಲಿನಿಂದ. ಹಾಗೆ ಬರಬೇಕು ಎಂದಿದ್ದ ಅವನು.

ಬೀದಿಯವರು ಆಗಲೇ ಬಂದಿದ್ದರು. ಸೈರನ್, ಅವಳ ಬಸುರಿ ಸೊಸೆ, ಇನ್ನೂ ನಾಲ್ಕಾರು ಜನ. ಕಾಂಪೌಂಡರ್ ಅವರನ್ನು ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದ. ಆ ಸಾಲಿನ ಕುರ್ಚಿಗಳ ಮೇಲೆ ಮಾತ್ರ ಹಾಸುಬಟ್ಟೆ ಹೊದಿಸಿದ್ದರು. ಉಳಿದ ಕುರ್ಚಿಗಳು ಹಾಗೆಯೇ ಇದ್ದವು. ಬಟ್ಟೆಯಮ್ಮ ಗುರುತು ಹಿಡಿದಳು. ನಿನ್ನೆ ಅವಳು ನಲ್ಲಿಗೆ ಸುತ್ತಿ ಹಿಂಡಿದ ಬಟ್ಟೆ. ಕುರ್ಚಿಗೆ ಇವರ ಮೈ ತಾಗಬಾರದು.

"ಕೂತ್ಕೋ ಬಟ್ಟೆಯಮ್ಮ. ಅಲುಗಾಡ್ಬೇಡ. ಕೇಳಿದ್ರೆ ಎಲ್ಲಾ ಚೆನ್ನಾಗಿ ನೋಡ್ತಾರೆ ಅನ್ನು."

ಕೂತಳು. ಮೊಣಕಾಲು ಮಡಚಿತು. ಏನೂ ಅನ್ನಿಸಲಿಲ್ಲ. ಕಾಂಪೌಂಡರ್ ಸುವಾಸನೆಯ ಪಿಚಕಾರಿ ತಂದು ಹಾಲ್‌ಗೆ ಹೊಡೆದ. ಮೂಲೆಗೆ ಹೊಡೆದ, ಪರದೆಗೆ ಹೊಡೆದ, ಕೂತವರ ಮೇಲೂ ಒಂದು ಸುತ್ತು ಹೊಡೆದ. ಬಸುರಿ ಸೊಸೆ ಮುಖ ತಿರುಗಿಸಿಕೊಂಡಳು.

"ಹೊಟ್ಟೇಲಿರೋ ಮಗೂಗೂ ಸ್ವಲ್ಪ ಹೊಡಿಯಪ್ಪಾ" ಎಂದಳು ಸೈರನ್. "ಹುಟ್ಟುತ್ತಲೇ ಘಮ್ ಅನ್ಲಿ."

ಸಾಹೇಬರು ಬಂದರು. ಅವರೇ. ಕರವಸ್ತ್ರ ಇವತ್ತು ಜೇಬಿನಲ್ಲಿತ್ತು. ದೊಡ್ಡ ಡಾಕ್ಟರು ಕೋಣೆಯಿಂದ ಹೊರಗೆ ಬಂದು ನಗುತ್ತಾ ಅವರನ್ನು ಕರೆದುಕೊಂಡು ಹಾಲ್ ತುಂಬ ನಡೆದಾಡಿಸಿದರು. ಕುಡಿಯುವ ನೀರು ತೋರಿಸಿದರು, ಫ್ಯಾನು ತೋರಿಸಿದರು. ಬಟ್ಟೆಯಮ್ಮನ ಎದುರು ಬಂದು ನಿಂತರು.

"ಇವರು ನಮ್ಮ ಪಟ್ಟಿಯ ಹಳೆಯ ಕುಟುಂಬ. ಹೇಗಿದ್ದೀರಮ್ಮಾ?"

ಹೇಗಿದ್ದೀರಮ್ಮಾ. ಇಷ್ಟು ವರ್ಷ ಅವರ ಬಾಯಲ್ಲಿ ಅವಳು ನೀನು. ಇವತ್ತು ನೀವು ಆಗಿದ್ದಳು. ಬಟ್ಟೆಯಮ್ಮ ತಲೆಯಾಡಿಸಿದಳು.

ಸಾಹೇಬರು ಕೈಯಲ್ಲಿದ್ದ ಕಾಗದ ನೋಡಿದರು. "ಇವರ ಮನೇಲಿ ದೀರ್ಘಕಾಲದ ರೋಗಿ ಒಬ್ಬರಿದ್ದಾರೆ ಅಂತ ಇದೆ?"

"ಇವರ ಯಜಮಾನರು" ಎಂದರು ದೊಡ್ಡ ಡಾಕ್ಟರು, ಕಾಗದದ ಕಡೆ ನೋಡದೆಯೇ. "ಶ್ವಾಸದ ತೊಂದರೆ. ನಾನೇ ಖುದ್ದಾಗಿ ನೋಡ್ಕೊಳ್ತಿದೀನಿ. ಪ್ರತಿ ತಿಂಗಳೂ ಎದೆ ಪರೀಕ್ಷೆ ಮಾಡ್ತೀನಿ. ಈಗ ಪರವಾಗಿಲ್ಲ. ಅಲ್ವೇನಮ್ಮಾ? ಪರವಾಗಿಲ್ಲ ಅಲ್ವಾ ಅವರು?"

ಕಾಂಪೌಂಡರ್ ಹಿಂದಿನಿಂದ ಡಾಕ್ಟರ ತೋಳು ಮುಟ್ಟಲು ಕೈ ಚಾಚಿದ. ತಡವಾಗಿತ್ತು.

ಬಟ್ಟೆಯಮ್ಮ ಅವರ ಮುಖ ನೋಡಿದಳು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಅವರ ಹಿತ್ತಲಿನಲ್ಲಿ ಬಟ್ಟೆ ಒಗೆಯುವವಳ ಗಂಡ ಸತ್ತಿದ್ದು, ಅವರ ಚೀಟಿಗಾಗಿ ಕಾದು ಸತ್ತಿದ್ದು, ಅವರಿಗೆ ಗೊತ್ತೇ ಇರಲಿಲ್ಲ. ಅವರ ಪಟ್ಟಿಯಲ್ಲಿ ಆ ತಲೆ ಇನ್ನೂ ಉಸಿರಾಡುತ್ತಿತ್ತು.

ಅವಳು ಎದ್ದು ನಿಂತಳು.

"ಪರವಾಗಿಲ್ಲ, ಕೂತ್ಕೊಳ್ಳಮ್ಮಾ, ಕೂತ್ಕೊಂಡೇ ಹೇಳು" ಎಂದರು ಸಾಹೇಬರು.

"ಇಲ್ಲ."

ಅವಳ ಬಾಯಿಂದ ಅದು ಬಂದದ್ದು ಅವಳಿಗೇ ಕೇಳಿಸಿತು. ಧ್ವನಿ ಏರಿರಲಿಲ್ಲ.

"ನನ್ನ ಯಜಮಾನ್ರು ಸತ್ತಿದಾರೆ."

ದೊಡ್ಡ ಡಾಕ್ಟರು ಕಾಂಪೌಂಡರನನ್ನು ನೋಡಿದರು. ಕಾಂಪೌಂಡರ್ ನೆಲ ನೋಡಿದ.

"ಯಾವಾಗ?" ಎಂದರು ಡಾಕ್ಟರು.

"ನಿಮ್ಮ ಚೀಟಿ ಇಲ್ದೇ ಇದ್ದಾಗ. ದೊಡ್ಡಾಸ್ಪತ್ರೆ ನೆಲದ ಮೇಲೆ."

"ಸರಿ ಸರಿ, ಕೂತ್ಕೋ. ಆಮೇಲೆ ಮಾತಾಡೋಣ. ಕೂತ್ಕೋ ಮೊದಲು." ನೀವು ಮತ್ತೆ ನೀನು ಆಗಿತ್ತು.

ಬಟ್ಟೆಯಮ್ಮ ಸಾಹೇಬರ ಕಡೆ ತಿರುಗಿದಳು. "ಸಾಹೇಬ್ರೇ, ಆವತ್ತು ನಮ್ಮ ಬೀದೀಲಿ ಬರ್ಕೊಂಡ್ರಲ್ಲ, ಹಾಗೇ ಇವತ್ತೂ ಬರ್ಕೊಳ್ಳಿ. ನಾವು ಇಲ್ಲಿ ಕೂರೋರಲ್ಲ. ಇವತ್ತು ನಿಮಗೋಸ್ಕರ ಕೂರಿಸಿದಾರೆ. ಆ ಸಂದೀಲಿ ಕಿಟಕಿ ಇದೆ, ಕಸದ ಡಬ್ಬಿ ಹತ್ರ. ನಾವು ಅಲ್ಲಿ ನಿಲ್ಲೋರು. ನಿಂತು ನಿಂತು ಡಾಕ್ಟ್ರ ಮುಂದೆ ಕೂರೋದೇ ಬರಲ್ಲ ನಮಗೆ. ಅದಕ್ಕೇ ನನ್ನ ಮಗಳ ಹತ್ರ ಯಾರೂ ಕೂರ್ಲಿಲ್ಲ. ನೀವು ವ್ಯವಸ್ಥೆ ಇಲ್ಲ ಅಂತ ಬರೆದ್ರಿ." ಉಸಿರು ತೆಗೆದುಕೊಂಡಳು. "ಬೆಂಚಿತ್ತು."

"ಈ ಹೆಂಗಸಿಗೆ ಗಂಡ ಹೋದ ದುಃಖ. ತಲೆ ಸರಿಯಿಲ್ಲ" ಎಂದರು ದೊಡ್ಡ ಡಾಕ್ಟರು ಸಾಹೇಬರಿಗೆ.

ಸೈರನ್ನಿನ ಸೊಸೆ ಕುರ್ಚಿಯ ಹಿಡಿ ಹಿಡಿದುಕೊಂಡು, ಹೊಟ್ಟೆಗೆ ಒಂದು ಕೈ ಕೊಟ್ಟು, ಎದ್ದಳು. ಅವಳಿಗೆ ಏಳುವುದು ಕಷ್ಟವಾಯಿತು. ಯಾರೂ ಎಬ್ಬಿಸಲಿಲ್ಲ. ಅವಳೇ ಎದ್ದು ನಿಂತಳು. ಸೈರನ್ ಎದ್ದಳು, ತುಟಿ ಪಿಟಕ್ಕೆನ್ನದೆ. ಅವಳು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಬೀದಿಯವರು ಅದೇ ಮೊದಲು ನೋಡಿದ್ದು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಇಡೀ ಸಾಲು ನಿಂತಿತು. ಹಾಸುಬಟ್ಟೆ ಜಾರಿ ನೆಲಕ್ಕೆ ಬಿತ್ತು. ಸ್ಟೀಲ್ ಕುರ್ಚಿಗಳು ಹೊಳೆದವು.

ಸಾಹೇಬರು ಬರೆಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು. "ಸಂದಿ ಎಲ್ಲಿದೆ?" ಎಂದು ಕೇಳಲೂ ಇಲ್ಲ. ದೊಡ್ಡ ಡಾಕ್ಟರು ಅವರ ಹೆಗಲು ಬಳಸಿ ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಒಳಗಿನಿಂದ ಟೀ ಕಪ್ಪಿನ ಸದ್ದು ಬಂತು.

ಕಾಂಪೌಂಡರ್ ಹಲ್ಲು ಕಚ್ಚಿಕೊಂಡು ಬಂದ. "ತಿಂದ ಮನೆಗೆ ಹೀಗಾ ಮಾಡೋದು? ನಾಳೆಯಿಂದ ಬರಬೇಡ ನೀನು."

"ನಾಳೆ ಯಾಕೆ" ಎಂದಳು ಬಟ್ಟೆಯಮ್ಮ. "ತೊಟ್ಟೀಲಿ ಬಟ್ಟೆ ನೆಂದಿದೆ. ಯಾರಾದ್ರೂ ಹಿಂಡ್ಕೊಳ್ಳಿ. ಸೂಜಿ ಇರುತ್ತೆ. ನೋಡ್ಕೊಂಡು."

ಮುಂಬಾಗಿಲಿನಿಂದಲೇ ಹೊರಗೆ ಬಂದಳು. ಏನೋ ಆಗಬೇಕಿತ್ತು ಎಂದು ಕಾದಳು. ಎದೆ ಹಗುರವಾಗಬೇಕಿತ್ತು, ಇಲ್ಲ ಕಾಲು ನಡುಗಬೇಕಿತ್ತು. ಎರಡೂ ಆಗಲಿಲ್ಲ. ಬಿಸಿಲಿತ್ತು. ನಡೆದಳು. ಸೈರನ್ನಿನ ಸೊಸೆ ಹಿಂದೆ ಹಿಂದೆ ಬಂದಳು.

"ದೊಡ್ಡಮ್ಮಾ, ಮೆಲ್ಲಗೆ ನಡೀರಿ. ನಂಗೆ ಆಗಲ್ಲ."

ಮನೆಗೆ ಬಂದು ಬಟ್ಟೆಯಮ್ಮ ಕನ್ನಡಿಯ ಹಿಂದೆ ಕೈ ಹಾಕಿದಳು. ಬೆರಳಿಗೆ ಲಕೋಟೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಕನ್ನಡಿಯನ್ನೇ ಮೊಳೆಯಿಂದ ಇಳಿಸಿ ನೋಡಿ ತೆಗೆದುಕೊಂಡಳು. ಲಕೋಟೆಯ ಬೆನ್ನಿಗೆ ಗೋಡೆಯ ಸುಣ್ಣ ಹತ್ತಿತ್ತು. ಒರೆಸಿದಳು.

"ದೊಡ್ಡಪ್ಪನ ಹೆಸರಿದೆ ಅಂತಿದ್ರಿ ಅದರಲ್ಲಿ" ಎಂದಳು ಸೊಸೆ, ಬಾಗಿಲಿಗೆ ಒರಗಿ.

"ಇರ್ಲಿ. ಡಾಕ್ಟ್ರ ಪಟ್ಟೀಲಿ ಬದುಕಿದಾರಲ್ಲ. ಅವರೂ ಬಿಡಿಸ್ಕೊಂಡು ಬರ್ಲಿ."

"ವಾಪಸ್ ಬಂದ್ರೆ?"

"ಬಂದ್ರೆ ಹೊಸದು ಬರೆದು ಮತ್ತೆ ಕಳಿಸೋಣ."

ಸೊಸೆ ಒಳಗೆ ಬಂದು ಲಕೋಟೆಯ ವಿಳಾಸ ನೋಡಿದಳು. "ನಮ್ಮದೂ ಬರೆಸಿ ದೊಡ್ಡಮ್ಮಾ. ಅತ್ತೆ ಹೆಬ್ಬೆಟ್ಟು ನಾನು ಹಾಕಿಸ್ತೀನಿ."

"ಹೆರಿಗೆ ಹತ್ರ ಬಂತು. ಚೀಟಿ ಇರಲ್ಲ ನಿಂಗೆ."

"ಈಗ ಇದ್ಯಾ?"

ಬಟ್ಟೆಯಮ್ಮ ಕನ್ನಡಿಯನ್ನು ಮತ್ತೆ ಮೊಳೆಗೆ ತೂಗುಹಾಕಿದಳು.

ಮಗಳ ಕೋಣೆಯ ಮುಂದೆ ಹಾದು ಹೋಗಬೇಕಿತ್ತು. ಬಾಗಿಲು ತೆರೆದಿತ್ತು. ಮಗಳು ಒಬ್ಬ ಮುದುಕನ ಬೆನ್ನಿಗೆ ಕೊಳವೆ ಇಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬಾಗಿಲಿನ ಹೊರಗೆ ಎರಡು ಮೂರು ಜನ ನಿಂತಿದ್ದರು. ಬೆಂಚು ಖಾಲಿ. ಬಟ್ಟೆಯಮ್ಮ ಮಗಳನ್ನು ಕರೆಯಲಿಲ್ಲ. ಸೊಸೆಯನ್ನು ಕರೆತಂದು ಆ ಬೆಂಚಿನ ಮೇಲೆ ಕೂರಿಸಿದಳು.

"ಇಲ್ಲಿರು. ಅವಳು ಕೈ ಖಾಲಿ ಮಾಡ್ಕೊಂಡ ಮೇಲೆ ಬರೆಸು. ಏಳಬೇಡ."

ಹೊರಗೆ ನಿಂತವರು ಸೊಸೆ ಕೂತದ್ದನ್ನು ನೋಡಿದರು. ಬಟ್ಟೆಯಮ್ಮನ ಕೈಯಲ್ಲಿದ್ದ ಲಕೋಟೆ ನೋಡಿದರು.

ಅಂಚೆ ಕಚೇರಿಯಲ್ಲಿ ಸಾಲಿತ್ತು. ನಿಂತಳು. ನಿಲ್ಲುವುದು ಅವಳಿಗೆ ಬರುತ್ತಿತ್ತು. ಕೌಂಟರಿನ ಹಿಂದೆ ಕನ್ನಡಕದ ಹುಡುಗಿಯೊಬ್ಬಳು ಕೂತಿದ್ದಳು. ಲಕೋಟೆಗಳನ್ನು ತೂಗುತ್ತಿದ್ದಳು, ಮುದ್ರೆ ಹೊಡೆಯುತ್ತಿದ್ದಳು, ಹಿಂದಿನ ಚೀಲಕ್ಕೆ ಎಸೆಯುತ್ತಿದ್ದಳು.

"ರಿಜಿಸ್ಟರಾ ಅಮ್ಮಾ?"

"ಹೌದು."

"ಕೊಡಿ."

ಬಟ್ಟೆಯಮ್ಮ ಲಕೋಟೆಯನ್ನು ಕೌಂಟರಿನ ಸರಳಿನ ಕೆಳಗಿನಿಂದ ಮುಂದೆ ಚಾಚಿದಳು. ಹುಡುಗಿ ಅದರ ಇನ್ನೊಂದು ತುದಿ ಹಿಡಿದಳು. ಹಿಡಿದು ಎಳೆದಳು. ತಲೆಯೆತ್ತಿ ನೋಡಿದಳು.

"ಬಿಡಿ ಅಮ್ಮಾ."

ಬಿಟ್ಟಿದ್ದೇನೆ ಎಂದುಕೊಂಡಿದ್ದಳು ಬಟ್ಟೆಯಮ್ಮ. ತಲೆ ಬಗ್ಗಿಸಿ ತನ್ನ ಕೈ ನೋಡಿದಳು. ಬೆರಳುಗಳು ಲಕೋಟೆಯ ಮೂಲೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದವು. ಒಂದೊಂದನ್ನೇ ನೋಡಿ ನೋಡಿ ಬಿಡಿಸಿದಳು.